ನನ್ನ ನಿದ್ದೆ, ನಿನ್ನ ಓಟ

ಬಂಗಾರಪೇಟೆ
ಗುರುವಾರ, 6 ಫೆಬ್ರವರಿ 2025

ಬಾವನಿಗೆ,

ಮುಂದೆ ‘ಪ್ರೀತಿಯ’ ಅಂತ ಸೇರಿಸೋಕೆ ಕೈ ಬರಲಿಲ್ಲ, ಅದಕ್ಕೆ ಬರೀ ಬಾವ. ಸೋದರತ್ತೆ ಮಗ ಅಂತ ಲಂಗ ಹಾಕ್ಕೊಂಡು ಓಡಾಡೋ ಕಾಲದಿಂದ ಹಾಗೇ ಕರೆದ ನಾಲಿಗೆ. ನೀನು ತಾಳಿ ಕಟ್ಟಿ ಏಳು ವರ್ಷ ಆದರೂ ‘ರೀ’ ಅನ್ನೋಕೆ ಹೊರಳಲಿಲ್ಲ. ಇವತ್ತು ಇಷ್ಟು ಕೋಪದಲ್ಲೂ ಹೊರಳ್ತಿಲ್ಲ, ಏನು ಮಾಡಲಿ.

ಸೋಮವಾರ ನಿನ್ನ ಮೆಸೇಜು ಬಂತು. ‘ಪ್ರಿಯ ಕಲಾ, ನಿಮ್ಮ ಭಾವನೆಗಳನ್ನು ನಾನು ಸಂಪೂರ್ಣವಾಗಿ ಗೌರವಿಸುತ್ತೇನೆ. ಈ ಕಠಿಣ ಸಮಯದಲ್ಲಿ ನನ್ನ ಬೆಂಬಲ ಸದಾ ನಿಮ್ಮೊಂದಿಗಿದೆ.’ ಅಯ್ಯೋ ನಿನ್ನ ಮುಖಕ್ಕಿಷ್ಟು! ಊರಿಗಾಂ ಗಣಿ ಕೆಲಸದವರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಗಂಡಸು ಯಾವನಾದರೂ ಹೆಂಡತಿ ಹತ್ತಿರ ಹಿಂಗೆ ಮಾತಾಡಿದ್ದು ಕೇಳಿದ್ದೀಯಾ? ಏಳು ವರ್ಷದಲ್ಲಿ ‘ಏಯ್’ ಅನ್ನೋದು ಬಿಟ್ಟು ಬೇರೆ ಹೆಸರಿರಲಿಲ್ಲ ನನಗೆ, ಈಗ ಇದ್ದಕ್ಕಿದ್ದ ಹಾಗೆ ‘ನೀವು’ ಆಗಿಬಿಟ್ಟೆ. ಹೆಂಡತಿ ಹತ್ತಿರ ತಪ್ಪಾಯಿತು ಅನ್ನೋದಕ್ಕೂ ಫೋನಿನ ಕೈಲಿ ಬರೆಸಿದ್ದೀಯ. ಕೊನೇ ಸಾಲು ಮಾತ್ರ ನಿನ್ನದೇ. ‘ಯಾವಾಗ್ ಬತ್ತೀಯ? ಅಮ್ಮುಂಗೆ ಒಬ್ಳೇ ಕಷ್ಟ ಆಯ್ತದೆ.’

ಅದೊಂದು ಸಾಲಿಗೆ ಉತ್ತರ ಬರೀತಿದ್ದೀನಿ. ಫೋನಿಗೆ ಕಳಿಸಿದರೆ ಅದನ್ನೂ ಫೋನಿನೊಳಗಿನ ಆ ಮೆಷಿನ್ನಿಗೆ ತೋರಿಸಿ ‘ಇದಕ್ಕೇನ್ ಬರೀಲಿ’ ಅಂತ ಕೇಳ್ತೀಯ, ಅದಕ್ಕೇ ಕಾಗದ. ಸಂಜೆ ಶ್ಯಾಮಲ ನನ್ನನ್ನ ನೋಡೋಕೆ ಬರ್ತಾಳೆ, ಅವಳ ಕೈಲಿ ಕಳಿಸ್ತೀನಿ. ಕೊಡುವಾಗ ನಾಲ್ಕು ಬೈದರೆ ಬೈಸ್ಕೋ. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೆಷಿನ್ನಿನವಳು ಅವಳು, ಅವತ್ತು ನನ್ನ ಪ್ರಾಣ ಉಳಿಸಿದವಳು, ಅವಳಿಗೆ ಬೈಯೋ ಹಕ್ಕಿದೆ. ಯಾವಾಗ ಬರ್ತೀಯ ಅಂತ ನೀನು ಕೇಳಿದ್ದೀಯ. ಅಣ್ಣನ ಮನೆಯಿಂದ ಅಲ್ಲಿಗೆ ಬರಬೇಕೋ ಬೇಡವೋ ಅನ್ನೋದೇ ನನಗಿನ್ನೂ ತೀರ್ಮಾನ ಆಗಿಲ್ಲ. ಯಾಕೆ ಅಂತ ಹೇಳ್ತೀನಿ, ಕೂತು ಓದು.

ನಿನ್ನ ಓಟಕ್ಕೆ ನಾನು ಯಾವತ್ತಾದರೂ ಅಡ್ಡ ಬಂದಿದ್ದೀನಾ? ನರಸಾಪುರದ ಕಂಪನಿಯಲ್ಲಿ ವಾರಕ್ಕೊಂದು ಶಿಫ್ಟು, ನಿಂತುಕೊಂಡೇ ಕೆಲಸ, ಮೇಲಿನವರ ಬೈಗುಳ. ಓಡೋದೊಂದೇ ಇವನಿಗೆ ಖುಷಿ ಕೊಡೋದು, ಓಡಲಿ ಬಿಡು ಅಂತಿದ್ದೆ. ಊರಿಗಾಂ ಬಿಟ್ಟು ನಂದಿದುರ್ಗ ಗಣಿ, ಅಲ್ಲಿಂದ ಮೈಸೂರು ಮೈನ್ಸ್, ಗಣಿ ಮಣ್ಣು ಸುರಿದ ಸೈನೈಡ್ ಗುಡ್ಡ ಸುತ್ತಿಕೊಂಡು ವಾಪಸ್. ಆ ಬೂದಿ ಬಣ್ಣದ ಮಣ್ಣು ಹತ್ತಿದ ಸಾಕ್ಸು ಉಜ್ಜಿ ಉಜ್ಜಿ ನನ್ನ ಉಗುರು ಸವೆದಿದೆ. ಹೋದ ವರ್ಷ ಇಪ್ಪತ್ತೊಂದು ಕಿಲೋಮೀಟರಿನ ಮೆಡಲು ತಂದಾಗ ಅದನ್ನ ಟಿ.ವಿ. ಮೇಲೆ ಮೊಳೆ ಹೊಡೆದು ನೇತು ಹಾಕಿದ್ದು ನಾನು. ಮನೆಗೆ ಬಂದ ಸಿಲಿಂಡರಿನವನಿಗೂ ತೋರಿಸಿದ್ದೀನಿ.

ಈ ಸಲ ಐವತ್ತು ಕಿಲೋಮೀಟರು ಅಂದೆ, ಫೆಬ್ರವರಿ ಹದಿನಾರಕ್ಕೆ. ದೀಪಾವಳಿ ಆದ ಮೇಲೆ ಆ ವಾಚು ಬಂತು, ಬರೆದು ಕೇಳಿದ್ದಕ್ಕೆಲ್ಲಾ ಉತ್ತರ ಕೊಡೋ ಆ ಓಟದ ಆ್ಯಪು ಫೋನಿಗೆ ಬಂತು. ‘ಕೋಚು’ ಅಂತ ಕರೀತಿದ್ದೆ ನೀನು ಅದನ್ನ, ಮನೆಗೆ ಬಂದ ನೆಂಟನ ಹಾಗೆ. ಬೆಳಿಗ್ಗೆ ಎದ್ದರೆ ಅದು ಬಣ್ಣ ತೋರಿಸಬೇಕು. ಹಸಿರು ಬಂದರೆ ಓಡು, ಹಳದಿ ಬಂದರೆ ಮೆಲ್ಲಗೆ ಓಡು, ಕೆಂಪು ಬಂದರೆ ತೆಪ್ಪಗೆ ಕೂರು. ರಾತ್ರಿ ಎಷ್ಟು ಹೊತ್ತು ಮಲಗಿದೆ, ಮಲಗಿದಾಗ ಎದೆ ನಿಮಿಷಕ್ಕೆ ಎಷ್ಟು ಸಲ ಹೊಡ್ಕೊಂಡಿತು ಅಂತ ನೋಡಿ ಅದು ಬಣ್ಣ ಹೇಳುತ್ತೆ ಅಂತ ನೀನೇ ನನಗೆ ಬಿಡಿಸಿ ಹೇಳಿದ್ದೆ. ನೈಟ್ ಶಿಫ್ಟು ಮುಗಿಸಿ ಬಂದು ಹಗಲು ಹೊತ್ತು ಲೈನಿನ ಗಲಾಟೆಯಲ್ಲಿ ಮಲಗೋನಿಗೆ ಎಲ್ಲಿಂದ ಬರಬೇಕು ಹಸಿರು? ದಿನಾ ಕೆಂಪು. ‘ನಾನ್ ಚೆನ್ನಾಗೇ ಇವ್ನಿ ಕಣ್ಲಾ’ ಅಂತ ಫೋನಿಗೆ ಬೈತಿದ್ದೆ ನೀನು. ನಾನು ಒಲೆ ಮುಂದೆ ನಿಂತು ನಗ್ತಿದ್ದೆ.

ಡಿಸೆಂಬರ್ ಮೊದಲನೇ ವಾರ ನೀನು ನೈಟ್ ಶಿಫ್ಟಿಗೆ ಹೊರಡೋ ಮುಂಚೆ ನನ್ನ ಪಕ್ಕ ಬಂದು ಕೂತೆ. ಮಗು ಸುಮಿತಾನ ಆಗ ತಾನೇ ಮಲಗಿಸಿದ್ದೆ. ನನ್ನ ಎಡಗೈ ತಗೊಂಡು, ಬಳೆ ಹಿಂದಕ್ಕೆ ಸರಿಸಿ, ವಾಚು ಕಟ್ಟಿದೆ. ಏನಿದು ಅಂದೆ. ‘ಇರ್ಲಿ, ಕಟ್ಕೊಂಡು ಮನಿಕ್ಕೋ. ನಿದ್ದೆ ಎಂಗ್ ಬತ್ತದೆ ನೋಡಾಣ’ ಅಂದೆ ನೀನು. ಯಾರ ನಿದ್ದೆ, ಯಾಕೆ ನೋಡಬೇಕು ಅಂತ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಪೆದ್ದಿ ಹಾಗೆ ನನ್ನ ನಿದ್ದೆ ಅಂದುಕೊಂಡೆ.

ಹಾಗೆ ಅಂದುಕೊಳ್ಳೋಕೆ ಕಾರಣ ಇತ್ತು. ದಸರಾ ಆದಾಗಿನಿಂದ ತಿಂಗಳಿಗೆ ಹತ್ತು ದಿನ, ಹನ್ನೆರಡು ದಿನ ನನಗೆ ಮುಟ್ಟಿನ ರಕ್ತ ಹೋಗ್ತಾನೇ ಇತ್ತು. ಫ್ಯಾಕ್ಟರಿಯಲ್ಲಿ ಎರಡು ಸಲ ಸೀರೆ ಬದಲಾಯಿಸಿದ್ದೀನಿ. ನಿನಗೆ ಹೇಳಿರಲಿಲ್ಲ, ಅದು ನನ್ನ ತಪ್ಪು, ಒಪ್ಕೋತೀನಿ. ನಾಚಿಕೆ, ಸಂಕಟ, ನಾಳೆ ಸರಿಹೋಗುತ್ತೆ ಅನ್ನೋ ಧೈರ್ಯ, ಎಲ್ಲಾ ಸೇರಿ ಬಾಯಿ ಕಟ್ಟಿತ್ತು. ನೀನು ವಾಚು ಕಟ್ಟಿದಾಗ ಅಂದುಕೊಂಡೆ, ನಾನು ಬಾಯಿ ಬಿಟ್ಟು ಹೇಳದಿದ್ದರೂ ಇವನು ಗಮನಿಸಿದ್ದಾನೆ ಅಂತ. ಊಟದ ಹೊತ್ತಲ್ಲಿ ಶ್ಯಾಮಲನಿಗೆ, ಇನ್ನೂ ನಾಲ್ಕು ಹುಡುಗೀರಿಗೆ ಹೇಳಿದೆ, ನಮ್ಮ ಬಾವ ದಿನಾ ನಾನು ಹೇಗೆ ಮಲಗ್ತೀನಿ ಅಂತ ನೋಡ್ತಾನೆ ಅಂತ. ಅವರು ‘ನಿಂಗೇನಮ್ಮಾ, ಪುಣ್ಯ ಮಾಡಿದ್ದೆ’ ಅಂದರು. ಈಗ ನೆನೆಸಿಕೊಂಡರೆ ಮೈಯೆಲ್ಲಾ ಉರಿಯುತ್ತೆ ಬಾವ. ಅವರ ಮುಂದೆ ಹೇಗೆ ಮುಖ ಎತ್ತಲಿ?

ಬೆಳಿಗ್ಗೆ ಬಂದವನು ಶೂ ಬಿಚ್ಚೋಕೂ ಮೊದಲು ನನ್ನ ಕೈಯಿಂದ ವಾಚು ಬಿಚ್ಚಿ, ಫೋನು ನೋಡಿ, ‘ಅಸ್ರು!’ ಅಂತ ಹಲ್ಲು ಬಿಡ್ತಿದ್ದೆ. ಶಿಫ್ಟು ಬದಲಾಗಿ ನೀನು ಮನೆಯಲ್ಲೇ ಮಲಗೋ ವಾರಗಳಲ್ಲೂ ವಾಚು ನನ್ನ ಕೈಗೇ ಬಂತು. ಆಗಲಾದರೂ ನನಗೆ ತಲೆ ಓಡಬೇಕಿತ್ತು. ಓಡಲಿಲ್ಲ. ಮಗ್ಗುಲು ಬದಲಾಯಿಸಿದರೆ ಲೆಕ್ಕ ಕೆಡುತ್ತೇನೋ ಅಂತ ಮರದ ತುಂಡಿನ ಹಾಗೆ ಮಲಗಿದ್ದೀನಿ ನಾನು.

ಹೊಸ ವರ್ಷದ ಹೊತ್ತಿಗೆ ಹಸಿರು ಹೋಗಿ ಹಳದಿ ಆಯಿತು, ಹಳದಿ ಹೋಗಿ ಕೆಂಪಾಯಿತು. ಮೊದಲು ಅರವತ್ತಾರು ಇದ್ದ ಎದೆಬಡಿತ ಎಪ್ಪತ್ತೆಂಟು, ಎಂಬತ್ತೈದು, ಎಂಬತ್ತೊಂಬತ್ತು. ಒಂದು ಬೆಳಿಗ್ಗೆ ನೀನೇ ಅದನ್ನ ಜೋರಾಗಿ ಓದಿದೆ. ನೆನಪಿದೆಯಾ? ‘ನಿಮ್ಮ ಎದೆಬಡಿತ ಮೂರು ವಾರಗಳಿಂದ ಏರುತ್ತಿದೆ. ದೇಹ ಚೇತರಿಸಿಕೊಳ್ಳುತ್ತಿಲ್ಲ. ದಯವಿಟ್ಟು ವೈದ್ಯರನ್ನು ಕಾಣಿ.’ ಓದಿ ನಕ್ಕುಬಿಟ್ಟೆ ನೀನು. ‘ನೆನ್ನೆ ಅದಿನೆಂಟು ಕಿಲೋಮೀಟ್ರು ಓಡಿವ್ನಿ, ನಂಗೇನ್ ಬಂದೈತೆ’ ಅಂದೆ. ನಿನಗೇನೂ ಬಂದಿರಲಿಲ್ಲ. ಮುದ್ದೆ ತೊಳಸುತ್ತಾ ತಲೆ ತಿರುಗಿ ಗೋಡೆ ಹಿಡಿದು ನಿಂತಿದ್ದವಳು ನಾನು, ನಿನ್ನಿಂದ ಮೂರು ಮಾರು ದೂರದಲ್ಲಿ. ಆ ವಾಚು ಯಾರ ಕೈಯಲ್ಲಿತ್ತು ಅಂತ ಒಂದು ಸಲ, ಒಂದೇ ಒಂದು ಸಲ ನಿನ್ನ ತಲೆಗೆ ಬರಲಿಲ್ಲವಾ?

ಬಂತು. ಬಂದದ್ದು ಹೇಗೆ ಅಂದರೆ, ವಾಚಿನ ಹಿಂದೆ ಒರೆಸಿ, ಆಫ್ ಮಾಡಿ ಆನ್ ಮಾಡಿ, ಆಮೇಲೆ ನನ್ನ ಕಡೆ ತಿರುಗಿ, ‘ಸರ್ಯಾಗ್ ಮನಿಕ್ಕೊಳಕ್ಕೂ ಆಗಾಕಿಲ್ವಾ ನಿಂಗೆ? ನಿನ್ನಿಂದ ನನ್ ಪ್ಲಾನೆಲ್ಲಾ ಆಳಾಯ್ತಾ ಐತೆ’ ಅಂದೆ. ಆವತ್ತು ಗೊತ್ತಾಯಿತು ನನಗೆ, ಇದು ನನಗಾಗಿ ಕಟ್ಟಿದ್ದಲ್ಲ ಅಂತ. ಗೊತ್ತಾದ ಮೇಲೆ ನಾನು ಏನು ಮಾಡಿದೆ ಅಂತ ಕೇಳು. ಸಂಜೆ ಟೀ ಬಿಟ್ಟೆ. ಮಲಗೋ ಮುಂಚೆ ಹಾಲು ಕುಡಿದೆ. ನಿನ್ನ ಬಣ್ಣ ಸರಿಹೋಗಲಿ ಅಂತ! ಓಟಕ್ಕೇ ಆಗಲಿ, ದಿನಾ ಒಂದು ಸಲ ಕೈ ಹಿಡೀತಾನಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಇದನ್ನ ಬರೆಯೋಕೆ ನನಗೆ ನಾಚಿಕೆ ಆಗ್ತಿದೆ, ಆದರೂ ಬರೀತೀನಿ, ನೀನು ಓದಬೇಕು.

ಜನವರಿ ಎಂಟರಿಂದ ನೀನು ವಾಚು ಕಟ್ಟೋದು ನಿಲ್ಲಿಸಿದೆ. ಕೋಪ ಬಂದಿದೆ ಅಂದುಕೊಂಡೆ. ಕೇಳಲಿಲ್ಲ.

ಇಪ್ಪತ್ತೈದನೇ ತಾರೀಕು ಶನಿವಾರ ಫ್ಯಾಕ್ಟರಿಗೆ ಅಂತ ಬಂಗಾರಪೇಟೆಯಲ್ಲಿ ರೈಲು ಇಳಿದು, ಸೇತುವೆ ಮೆಟ್ಟಿಲು ಹತ್ತುತ್ತಿದ್ದೆ. ಏಳೋ ಎಂಟೋ ಮೆಟ್ಟಿಲು ಹತ್ತಿದ್ದು ನೆನಪು. ಹಿಂದೆ ಶ್ಯಾಮಲ ಇಲ್ಲದಿದ್ದರೆ ತಲೆ ಒಡೆದುಕೊಂಡು ಕೆಳಗೆ ಬೀಳ್ತಿದ್ದೆ. ಅವಳು ಜಡೆ, ಸೆರಗು, ಸಿಕ್ಕಿದ್ದು ಹಿಡಿದು ನಿಲ್ಲಿಸಿ, ಯಾರ್‍ಯಾರನ್ನೋ ಕೂಗಿ, ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದಳು. ರಕ್ತ ಐದು ಮುಕ್ಕಾಲು ಇತ್ತಂತೆ, ಹನ್ನೆರಡು ಇರಬೇಕಾದ್ದು. ಲೇಡಿ ಡಾಕ್ಟರು ಚೀಟಿ ನೋಡಿ, ಇಷ್ಟರಲ್ಲಿ ಕೆಲಸಕ್ಕೆ ಬೇರೆ ಹೊರಟಿದ್ದೆಯಾ ಅಂತ ನನಗೇ ಬೈದರು. ಗರ್ಭಕೋಶದಲ್ಲಿ ಗೆಡ್ಡೆ, ಅದರಿಂದ ರಕ್ತ ಹೋಗಿ ಹೋಗಿ ಎದೆ ಹೀಗೆ ಓಡ್ತಿದೆ ಅಂದರು. ಮೂರು ಬಾಟಲು ರಕ್ತ ಏರಿಸಿದರು.

ನೀನು ಬಂದೆ, ಬೇಗನೇ ಬಂದೆ, ಅದನ್ನ ಇಲ್ಲ ಅನ್ನಲ್ಲ. ಆವತ್ತು ಮೂವತ್ತೆರಡು ಕಿಲೋಮೀಟರು ಓಡಿ ಮುಗಿಸಿ, ಆ ಚಡ್ಡಿಯಲ್ಲೇ, ಸೊಂಟದ ನೀರಿನ ಬಾಟಲು ಸಮೇತ ಗಾಡಿ ಹೊಡ್ಕೊಂಡು ಬಂದಿದ್ದೆ. ನಿನ್ನ ಮುಖ ನೋಡಿದ ತಕ್ಷಣ ನನಗೆ ಜೀವ ಬಂದ ಹಾಗಾಯಿತು.

ಎಷ್ಟು ದಿನದಿಂದ ಎದೆ ಹೀಗೆ ಹೊಡ್ಕೊಳ್ತಿದೆ ಅಂತ ಡಾಕ್ಟರು ಕೇಳಿದರು. ನೀನು ‘ಮೇಡಂ, ನನ್ ತಾವ ಐತೆ’ ಅಂತ ಫೋನು ಮುಂದೆ ಹಿಡಿದೆ, ಒಳ್ಳೆ ಮಾರ್ಕ್ಸು ತೆಗೆದ ಹುಡುಗನ ಹಾಗೆ. ಅದರಲ್ಲಿ ವೇಣು, ಗಂಡು, ಮೂವತ್ತೇಳು ಅಂತ ಇತ್ತು. ಇದು ಯಾರದು ಅಂದರು. ಇವಳದೇ, ದಿನಾ ರಾತ್ರಿ ಕೈಗೆ ಕಟ್ತಿದ್ದೆ ಅಂದೆ. ಪಾಪ ಆ ಡಾಕ್ಟರು ಮೆಚ್ಚಿಕೊಂಡರು. ಇಷ್ಟು ನೋಡ್ಕೊಳ್ಳೋರು ಯಾರಿರ್ತಾರೆ, ಡಿಸೆಂಬರಿನಿಂದ ಹೇಗೆ ಏರಿದೆ ಅಂತ ನೋಡಿ ಅಂತ ನರ್ಸಮ್ಮನಿಗೂ ತೋರಿಸಿದರು. ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ಜನವರಿ ಏಳಕ್ಕೆ ಎಂಬತ್ತೊಂಬತ್ತು, ಎಂಟಕ್ಕೆ ಐವತ್ನಾಲ್ಕು. ಒಂದೇ ದಿನಕ್ಕೆ ಇಷ್ಟು ಇಳೀಬೇಕಾದರೆ ಏನು ಔಷಧಿ ಕೊಡಿಸಿದ್ರಿ ಅಂತ ಕೇಳಿದರು.

ನೀನು ನೆಲ ನೋಡಿದೆ. ‘ಅವತ್ತಿಂದ ನಮ್ಮಮ್ಮನ್ ಕೈಗೆ ಕಟ್ತಿವ್ನಿ ಮೇಡಂ’ ಅಂದೆ.

ಅಮ್ಮ ಬಿ.ಪಿ. ಮಾತ್ರೆ ತಗೋತಾರಾ ಅಂತ ಒಂದೇ ಮಾತು ಕೇಳಿದರು ಡಾಕ್ಟರು. ನೀನು ಹೂಂ ಅಂದೆ. ಆ ಥರದ ಕೆಲವು ಮಾತ್ರೆಯಲ್ಲಿ ಎದೆಬಡಿತ ನಿಧಾನ ಆಗುತ್ತೆ ಅಂದು ಫೋನು ವಾಪಸ್ ಕೊಟ್ಟರು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿ ಹೋದರು.

ಹದಿನೇಳು ದಿನ ಬಾವ! ನೀನು ನೋಡಿರದಿದ್ದರೆ ನಾನು ಸುಮ್ಮನಿರ್ತಿದ್ದೆ. ಬಚ್ಚಿಟ್ಟವಳು ನಾನೂ ತಾನೇ. ಆದರೆ ನೀನು ನೋಡಿದೆ, ಓದಿದೆ. ಇವಳ ಎದೆ ಓಡ್ತಿದೆ ಅಂತ ಗೊತ್ತಾಗಿ, ಹಾಲು ಒಡೆದರೆ ಅಂಗಡಿ ಬದಲಾಯಿಸೋ ಹಾಗೆ ಕೈ ಬದಲಾಯಿಸಿದೆ. ಮಾರನೇ ದಿನ ಅತ್ತೆ ಆಸ್ಪತ್ರೆಗೆ ಬಂದಾಗ ಶ್ಯಾಮಲ ಎಲ್ಲಾ ಹೇಳಿದಳು. ಪಾಪ ಆ ಮುದುಕಿ ಮಂಚದ ಕಂಬಿ ಹಿಡ್ಕೊಂಡು ಅತ್ತಿತು. ‘ನನ್ ಮಗ ನನ್ ಬಿ.ಪಿ. ನೋಡ್ತಾವ್ನೆ ಅಂತ ಲೈನೆಲ್ಲಾ ಏಳ್ಕೊಂಡು ಬಂದ್ನಲ್ಲೇ’ ಅಂದರು. ನಾನೊಬ್ಬಳೇ ಪೆದ್ದಿ ಅಂದುಕೊಂಡಿದ್ದೆ, ಹೆತ್ತವಳನ್ನೂ ಬಿಡಲಿಲ್ಲ ನೀನು.

ಇಲ್ಲಿ ಮನೆಯಲ್ಲಿ ನಮ್ಮ ಬೈರೇಶಣ್ಣ ಆ ಆ್ಯಪನ್ನ ಬೈತಾನೆ, ಫೋನು ತಗೊಂಡು ಬಾವಿಗೆ ಹಾಕಬೇಕು ಅಂತಾನೆ. ಅದೇನು ಮಾಡಿತು ಪಾಪ? ಅದಕ್ಕೆ ಕಣ್ಣಿಲ್ಲ, ಯಾರ ಕೈಗೆ ಕಟ್ಟಿದರೂ ಅದಕ್ಕೆ ವೇಣುನೇ. ಆದರೂ ದಿನಾ ಹೇಳ್ತಾ ಬಂತು, ಈ ಮನುಷ್ಯನಿಗೆ ಹುಷಾರಿಲ್ಲ ಅಂತ. ಕಣ್ಣಿದ್ದವನು ನೀನು. ನನ್ನ ಕೋಪ ಪೂರಾ ನಿನ್ನ ಮೇಲೇನೇ, ಅದರ ಮೇಲೆ ಚೂರೂ ಇಲ್ಲ.

ಇನ್ನೊಂದು ಮಾತು. ಆ ಹದಿನೇಳು ದಿನ ದಿನಾ ಹಸಿರು ಬಂತಲ್ಲ, ‘ನಿಮ್ಮ ಚೇತರಿಕೆ ಅದ್ಭುತ’ ಅಂತ ಹೊಗಳಿ ವಾರಕ್ಕೆ ಎಂಬತ್ತು ಕಿಲೋಮೀಟರಿಗೆ ಏರಿಸಿತಲ್ಲ, ಅದನ್ನ ನಂಬಿಕೊಂಡು ನೀನು ಐವತ್ತು ಓಡೋಕೆ ಹೊರಟಿದ್ದೀಯ. ಓಡುವಾಗಿನ ಎದೆ ನಿನ್ನದು. ಮಲಗಿದಾಗಿನದು ಒಂದಿಷ್ಟು ದಿನ ನನ್ನದು, ಇನ್ನೊಂದಿಷ್ಟು ದಿನ ಅರವತ್ತೆಂಟು ವರ್ಷದ ಅತ್ತೆಯದು. ನಿನ್ನದು ಹೇಗಿದೆ ಅಂತ ಎರಡು ತಿಂಗಳಿಂದ ನೋಡಿದವರೇ ಇಲ್ಲ. ಕಾಲಿನ ಗಿಣ್ಣು ಊದಿದೆ, ನೋವಿನ ಮಾತ್ರೆ ನುಂಗಿ ಓಡ್ತಾನೆ, ಅನ್ನದ ಮುಂದೆ ಕೂತು ತೂಗಡಿಸ್ತಾನೆ ಅಂತ ಅತ್ತೆ ಫೋನಿನಲ್ಲಿ ಹೇಳಿದರು. ಹಾಳಾಗಿ ಹೋಗು ಅಂತ ಬರೆಯೋಕೆ ಹೊರಟೆ, ಕೈ ನಿಂತಿತು. ನಿನ್ನ ಮೇಲಿನ ಕರುಣೆ ಅಂದುಕೊಳ್ಳಬೇಡ. ನಾಲ್ಕು ವರ್ಷದ ಸುಮಿತಾಗೆ ಅಪ್ಪ ಬೇಕು, ಅಷ್ಟೇ.

ಅಣ್ಣನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅತ್ತಿಗೆ ಮೂರು ಹೊತ್ತೂ ನುಗ್ಗೆಸೊಪ್ಪು ಮಾಡಿ ಹಾಕ್ತಾರೆ, ನನಗೂ ಬೇಸರ ಬಂದಿದೆ, ಸೊಪ್ಪಿಗೂ ಬಂದಿರಬೇಕು. ರಕ್ತ ಹತ್ತು ಮುಟ್ಟಿದ ಮೇಲೆ ಮಾರ್ಚಿನಲ್ಲಿ ಆಪರೇಷನ್. ಅಲ್ಲೀವರೆಗೆ ಊರಿಗಾಂ ಕಡೆ ತಲೆ ಹಾಕಲ್ಲ. ಅದಾದ ಮೇಲೆ ಬರ್ತೀನೋ ಇಲ್ಲವೋ, ಅದು ನಿನ್ನ ಮೇಲಿದೆ. ಅತ್ತೆ ಕೈಲಿ ಹೇಳಿಸಬೇಡ. ಫೋನಿನ ಕೈಲಿ ಬರೆಸಬೇಡ. ನಿನಗೆ ಬಾಯಿದೆ, ಬೈಯೋಕೆ ಬರುತ್ತಲ್ಲ, ಬೇರೆ ಮಾತೂ ಬರುತ್ತೇನೋ ನೋಡು.

ಇನ್ನೂ ಕೋಪ ಇಳಿಯದ,
ಕಲಾ

ಮತ್ತೆ: ಇದನ್ನ ಬರೀಬಾರದು ಅಂತಿದ್ದೆ. ಇವತ್ತು ಬೆಳಿಗ್ಗೆ ನಿನ್ನ ಫೋನು ಕೆಂಪಾಗಿರಬೇಕು, ಹದಿನಾರರ ಓಟವೂ ಅಳಿಸಿಹೋಗಿರಬೇಕು. ವಾಚು ಕೆಟ್ಟಿಲ್ಲ, ಒರೆಸೋಕೆ ಹೋಗಬೇಡ. ನಿನ್ನೆ ನೀನು ಇಲ್ಲಿಗೆ ಬಂದು, ನ್ಯಾಯ ಮಾತಾಡೋಕೆ ಅಣ್ಣನ ಜೊತೆ ಜಗುಲಿ ಮೇಲೆ ಕೂತಾಗ, ನನ್ನ ಕೋಣೆಯಲ್ಲಿ ಫೋನು ಚಾರ್ಜಿಗೆ ಹಾಕಿದ್ದೆಯಲ್ಲ, ನಾನೇ ಆ ನಿನ್ನ ಕೋಚಿಗೆ ಬರೆದೆ. ನಿನ್ನ ಹೆಸರಲ್ಲೇ ಬರೆದೆ. ನನ್ನ ನಿದ್ದೆಯನ್ನ ನೀನು ನಿನ್ನದು ಅಂದೆಯಲ್ಲ, ನಿನ್ನ ತಪ್ಪನ್ನ ನಾನು ನಿನ್ನ ಹೆಸರಲ್ಲಿ ಒಪ್ಪಿಕೊಂಡರೇನು? ‘ನಾನು ವೇಣು. ಡಿಸೆಂಬರಿನಿಂದ ರಾತ್ರಿ ವಾಚು ಕಟ್ಟಿದ್ದು ನನ್ನ ಹೆಂಡತಿಗೆ. ಅವಳ ಎದೆಬಡಿತ ಏರಿದಾಗ ಬಿಚ್ಚಿ ಅಮ್ಮನಿಗೆ ಕಟ್ಟಿದೆ. ಹೆಂಡತಿ ಬಿದ್ದು ಆಸ್ಪತ್ರೆ ಸೇರಿದಳು. ನನ್ನ ಕಾಲು ಊದಿದೆ. ಈಗ ನಾನು ಓಡಬಹುದಾ?’ ಅಂತ ಎಲ್ಲಾ ಬರೆದೆ. ಓಡಬೇಡಿ, ಈ ಪ್ಲಾನು ನಿಮ್ಮ ದೇಹದ ಮೇಲೆ ಮಾಡಿದ್ದಲ್ಲ, ಮೊದಲು ಡಾಕ್ಟರಿಗೆ ತೋರಿಸಿ ಅಂತ ಬಂತು. ಅದರ ಕೆಳಗೆ ಒಂದು ಪ್ರಶ್ನೆ ಕೇಳಿತ್ತು, ‘ನಿಮ್ಮ ಹೆಂಡತಿ ಈಗ ಹೇಗಿದ್ದಾರೆ?’ ಅಂತ. ನೀನು ಆಚೆ ಜಗುಲಿಯಲ್ಲೇ ಇದ್ದೆ, ಅರ್ಧ ಗಂಟೆ ಇದ್ದೆ, ಫೋನು ತಗೊಳ್ಳೋಕೆ ಒಳಗೂ ಬಂದೆ. ಅದಕ್ಕೆ ಉತ್ತರ ನಾನು ಬರೆದಿಲ್ಲ. ನಿನಗೆ ಗೊತ್ತಿದ್ದರೆ ಬರೆ.